ಮುಖ ಬಿಡಿಸದ ಚಿತ್ರ

ನಡುಮನೆಯಲ್ಲಿರುವ ಎಣ್ಣೆಬಣ್ಣದ ಚಿತ್ರದಲ್ಲಿ ತಾತನಿಗೆ ಮುಖವೇ ಇಲ್ಲವಲ್ಲ ಎಂದು ನೀವು ಮೊಮ್ಮಕ್ಕಳು ಕೇಳುತ್ತಿರುತ್ತೀರಿ. ಬಾಯಲ್ಲಿ ಹೇಳಲು ನನಗೆ ಸಂಕೋಚ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ತಾತ ತಮಿಳು ಸೀಮೆಯ ರಾಯಪುರಂನಲ್ಲಿ ರೈಲ್ವೆ ಗೂಡ್ಸ್ ಆಫೀಸಿನಲ್ಲಿದ್ದರು. ಎಪ್ಪತ್ತರ ದಶಕದ ಕೊನೆಗೆ ಜ್ವರ ಬಂದು ತೀರಿಕೊಂಡರು. ಆಗ ನಾವು ಪುರಸೈವಾಕ್ಕಂನಲ್ಲಿ ಬಾಡಿಗೆಗಿದ್ದೆವು. ನಮ್ಮದು ಹಳ್ಳಿಯ ಮದುವೆ, ಫೋಟೊ ತೆಗೆಸಿರಲಿಲ್ಲ. ಇದ್ದದ್ದು ಆಫೀಸಿನವರ ಜೊತೆ ನಿಂತ ಒಂದೇ ಫೋಟೊ. ಅದರಲ್ಲೂ ಯಾರೋ ಕರೆದರೆಂದು ಅವರು ತಿರುಗಿಬಿಟ್ಟು ಮುಖ ಕಲಸಿಹೋಗಿತ್ತು. ನಿಮ್ಮ ಅಮ್ಮ ಆಗಿನ್ನೂ ಚಿಕ್ಕವಳು. ವರ್ಷ ತುಂಬುವ ಮೊದಲೇ ಒಂದು ದಿನ, ಅಪ್ಪನಿಗೆ ಮೀಸೆ ಇತ್ತಾ ಎಂದು ಕೇಳಿದಳು. ಇವಳು ಮರೆಯುತ್ತಿದ್ದಾಳೆ ಎಂದು ನನಗೆ ಒಳಗೇ ಹೆದರಿಕೆಯಾಯಿತು.

ಮಹಡಿಯ ಮೇಲಿನ ಕೋಣೆಗೆ ಆಗಷ್ಟೇ ಧಾರವಾಡದ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅವಳು ನಿಮ್ಮ ತಾತನನ್ನು ಕಂಡವಳಲ್ಲ. ಆದರೂ ಆ ಫೋಟೊ ಕೊಟ್ಟು, ವರ್ಷಾಬ್ದಿಕಕ್ಕೆ ಒಂದು ಚಿತ್ರ ಬರೆದುಕೊಡಲು ನನ್ನ ಅತ್ತೆಯ ಬಾಯಲ್ಲಿ ಹೇಳಿಸಿದೆ. ಅವಳು ತಂದದ್ದು ಕಂಬದಂತೆ ನೆಟ್ಟಗೆ ನಿಂತ ಒಂದು ಆಕಾರ, ಕುತ್ತಿಗೆಯ ಮೇಲೆ ಬರೀ ಬಣ್ಣದ ತೇಪೆಗಳು.

"ಗಂಧ ಎಲ್ಲಿ ಹಚ್ಚಲೇ, ಹಣೇನೇ ಇಟ್ಟಿಲ್ವಲ್ಲ ನೀನು?" ಎಂದರು ಅತ್ತೆ. ಆಮೇಲೆ ಚೌಕಟ್ಟಿಗೇ ಹಚ್ಚಿದರು. ಅಂಚಿನ ಬಣ್ಣ ಇನ್ನೂ ಹಸಿಯಿತ್ತು, ಅವರ ಬೆರಳಿಗೆಲ್ಲ ನೀಲಿ ಮೆತ್ತಿತು. ನಿಮ್ಮ ಅಮ್ಮ ಶಾಲೆಯ ತಮಿಳಿನಲ್ಲಿ "ಇದು ಅಪ್ಪಾ ಇಲ್ಲೈ", ಇದು ಅಪ್ಪ ಅಲ್ಲ, ಎಂದು ಹೊರಗೆ ಹೋದಳು.

ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಇಲ್ಲದ ಮುಖವನ್ನು ಊಹೆಯಿಂದ ಬರೆದರೆ ಮಗು ಅದನ್ನೇ ಅಪ್ಪ ಅಂದುಕೊಳ್ಳುತ್ತದೆ, ಅದು ತನ್ನಿಂದಾಗದು ಎಂದಳು. ಮಾರನೆಯ ದಿನ ನನ್ನನ್ನು ಮೇಲೆ ಕರೆದು, ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಮಂಗೋಲಿಯಾ ದೇಶದ ಚಿತ್ರಗಳ ಪುಸ್ತಕ ತೆರೆದಳು. ಪಾತ್ರೆ ಹಿಡಿದ ಹೆಂಗಸೊಬ್ಬಳು. ನಿಲುವಂಗಿಯ ಅಂಚಿನಿಂದ ಅವಳ ಮೈ ಕರಗಿ ಹುಲ್ಲುಗಾವಲಿನ ಹಳದಿಯೊಳಗೆ ಸೇರಿಹೋಗಿತ್ತು.

"ಈಕಿ ಮಾರಿ ಕಾಣಸ್ತದೇನ್ರಿ ಅಕ್ಕಾ?"

"ಇಲ್ಲ."

"ಏನ್ ಮಾಡ್ಲಿಕತ್ತಾಳ?"

"ಹಾಲು ಕರೆದು ಈಗ ಎದ್ದಿದ್ದಾಳೆ. ಸೊಂಟ ಹಿಡ್ಕೊಂಡಿದೆ."

ಅವಳು ನಕ್ಕಳು. "ನಿಮ್ಮ ಯಜಮಾನ್ರು ಹೆಂಗ್ ಕೂಡ್ತಿದ್ರು, ಅದನ್ನ ಹೇಳ್ರಿ ಮತ್ತ."

ಅವರು ಹೋದ ಮೇಲೆ ಅವರ ಮಾತನ್ನು ನಾನು ಯಾರೆದುರೂ ಎತ್ತಿರಲಿಲ್ಲ. ಅಂದಿನಿಂದ ಸಂಜೆ ಅವಳು ಶಾಲೆಯಿಂದ ಬಂದ ಮೇಲೆ ನಾನು ಕೆಲಸ ಮುಗಿಸಿ, ಹುರುಳಿಕಾಯಿ ಬುಟ್ಟಿ ಹಿಡಿದು ಮೇಲೆ ಹೋಗಿ, ನಾರು ತೆಗೆಯುತ್ತ ಹೇಳುತ್ತಿದ್ದೆ. ಆಫೀಸಿನಿಂದ ಬಂದು ಒಂದು ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಳ್ಳುತ್ತಿದ್ದದ್ದು, ಚೀಲ ಹೊತ್ತು ತಗ್ಗಿಹೋಗಿದ್ದ ಎಡಭುಜ, ಯಾರಾದರೂ ಮಾತಾಡಿದರೆ ಕುತ್ತಿಗೆ ಆ ಕಡೆ ವಾಲಿಸುತ್ತಿದ್ದದ್ದು. ನಾನು ಹೇಳಿದಂತೆ ಅವಳು ಒರೆಸುವಳು, ಮತ್ತೆ ಬಳಿಯುವಳು.

ಈಗ ನೀವು ನೋಡುತ್ತಿರುವುದು ಹಾಗೆ ಮೂಡಿದ ಎರಡನೆಯ ಚಿತ್ರ. ಮುಖದ ಜಾಗದಲ್ಲಿ ಈಗಲೂ ಕಂದು, ಹಳದಿ ತೇಪೆಗಳೇ. ತಂದು ಕುರ್ಚಿಯ ಮೇಲೆ ಒರಗಿಸಿದ ದಿನ ನಿಮ್ಮ ಅಮ್ಮ ಶಾಲೆಯಿಂದ ಬಂದವಳು ಚೀಲ ಇಳಿಸದೆ ನಿಂತಳು. ಬಹಳ ಹೊತ್ತು ನೋಡಿದಳು.

"ಅಪ್ಪ ಯಾರ ಮಾತು ಕೇಳ್ತಿದ್ದಾರೆ?"

"ನಿನ್ನ ಮಾತೇ."

ತಾನೇನು ಹೇಳುತ್ತಿದ್ದೆ ಎಂದು ಕೇಳಿದಳು. ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದೆ. ಒಳಗೆ ಕಾಫಿಗಿಟ್ಟ ಹಾಲು ಉಕ್ಕಿದ ವಾಸನೆ ಬಂತು. ಅತ್ತೆ ತಾವೇ ಎದ್ದು ಹೋಗಿ ಸ್ಟೌ ಆರಿಸಿದರು, ನನ್ನನ್ನು ಕರೆಯಲಿಲ್ಲ.