ಹಳೆ ಹಾಸು ಕೀಳುವ ಮುನ್ನ

ಶ್ವೇತಾ ನನ್ನ ರಾಟೆಯ ಮೋಟರಿನ ಪ್ಲಗ್ ಕಿತ್ತು ತನ್ನ ಫೋನನ್ನು ಚಾರ್ಜಿಗೆ ಹಾಕಿದಳು. ಆಮೇಲೆ ಒಂದು ಹಾಳೆ ಚಾಚಿ, "ಅಜ್ಜಿ, ಅಣು ವಿದ್ಯುತ್ ಬ್ಯಾಡ, ಸ್ಥಾವರ ಮುಚ್ಚಿ ಅಂತ ಒಂದ್ ಸೈನ್ ಹಾಕು" ಅಂದಳು.

ಇವಳು ನನ್ನ ತಂಗಿಯ ಮೊಮ್ಮಗಳು. ಚಳ್ಳಕೆರೆಯಲ್ಲಿ ಕಾಲೇಜು. ಮೊಳಕಾಲ್ಮೂರಿಗೆ ಬಂದರೆ ನಮ್ಮ ಮನೆಗೆ ಬಾರದೆ ಹೋಗುವವಳಲ್ಲ.

ಮಗ್ಗದ ಕೋಣೆಯಲ್ಲಿರುವುದು ಒಂದೇ ಪ್ಲಗ್ಗು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಸೊಸೆ ನಾಗಮಣಿ, "ಅತ್ತಮ್ಮಾ, ಕಂಡಿಕೆ ಮುಗೀತು" ಎಂದು ಕೂಗಿದಳು. ಸೀರೆಗೆ ಅಡ್ಡ ಹೋಗುವ ರೇಷ್ಮೆಯನ್ನು ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಪುಟ್ಟ ಕೊಳವೆಗೆ, ಸುತ್ತಿಕೊಡುವುದು ನನ್ನ ಕೆಲಸ. ನಾನು ನಿಂತರೆ ಅವಳ ಲಾಳಿಯೂ ನಿಲ್ಲುತ್ತದೆ. ಕೈಯಲ್ಲೇ ತಿರುಗಿಸತೊಡಗಿದೆ. (ಮೋಟರು ಬರುವ ಮೊದಲು ನಲವತ್ತು ವರ್ಷ ಹೀಗೇ. ಬಲಭುಜ ಈಗ ಜಡೆ ಹೆಣೆಯುವಷ್ಟೂ ಏಳುವುದಿಲ್ಲ.)

"ಯಾಕೆ ಬ್ಯಾಡ?"

"ಡೇಂಜರ್ ಅಜ್ಜಿ. ಅದರ ಕಸ ನಮ್ಮ ಮರಿಮಕ್ಕಳ ಕಾಲಕ್ಕೂ ಸಾಯಲ್ಲ."

ಇರಬಹುದು. ಓದಿದವಳಲ್ಲ ನಾನು, ಸುಳ್ಳು ಅನ್ನಲಾರೆ.

"ಮುಚ್ಚಿದ್ ಮ್ಯಾಲೆ ಕರೆಂಟು ಎಲ್ಲಿಂದ?"

"ಗುಡ್ಡದ್ ಮ್ಯಾಲೆ ಗಾಳಿ ಫ್ಯಾನ್ ಅದಾವಲ್ಲ. ಸೋಲಾರ್ ಐತಲ್ಲ."

"ಗಾಳಿ ನಿಂತ್ರೆ? ಕತ್ತಲಾದ್ರೆ?"

"ದೊಡ್ಡ ಬ್ಯಾಟ್ರಿ ಬರ್ತಾವೆ. ಅಲ್ಲೀಗಂಟ ರೇಟು ಏರ್ಬೋದು, ಪವರ್ ಕಟ್ ಆಗ್ಬೋದು. ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋಬೇಕಷ್ಟೆ."

"ಯಾರು?"

ಗುಂಡಿಯಿಂದ ನಾಗಮಣಿ ಅಂದಳು: "ಅಡ್ಜಸ್ಟ್ ಆಗೋರು ಇಲ್ಲೇ ಕುಂತೀವಲ್ಲ ಅತ್ತಮ್ಮಾ, ಅವಳ್ನೇನು ಕೇಳ್ತೀರಾ?"

ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಒಂದು ಜಾಣತನ ಮಾಡಿದ್ದೆ. (ತವರಿನಲ್ಲಿ ಮಗ್ಗವಿರಲಿಲ್ಲ.) ಸೀರೆ ಮುಗಿದಿತ್ತು. ಹಾಸಿನ ತುದಿ, ಅಂದರೆ ಉದ್ದದ ಎಳೆಗಳ ಬಾಲ, ಮಗ್ಗದಲ್ಲಿ ಜೋತುಬಿದ್ದಿತ್ತು. ಕಸವೆಂದು ಅಷ್ಟನ್ನೂ ಕಿತ್ತು ಗುಡಿಸಿದೆ. ಆ ಬಾಲದ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ, ಹಳೆಯದು ಹೊಸದನ್ನು ಎಳೆದು ತಂದು ಆಮೇಲೆ ಹೋಗುತ್ತದೆ ಎಂದು ನನಗೇನು ಗೊತ್ತು? ಮತ್ತೆ ಮೊದಲಿಂದ ಎಳೆ ಪೋಣಿಸಲು ವಾರ ಹಿಡಿಯಿತು. ಅತ್ತೆ ಬೈಯಲಿಲ್ಲ. ಮಗ್ಗ ನಿಂತ ಆ ವಾರ ಒಂದೇ ಹೊತ್ತು ಒಲೆ ಹಚ್ಚಿದರು, ಅಷ್ಟೆ.

ಇದನ್ನೇ ಶ್ವೇತಾಗೆ ಹೇಳಿದೆ. "ಹಳೇದು ಕೆಟ್ಟಿದ್ರೆ ತೆಗೀರಿ. ಹೊಸ ಎಳೆ ಕೂಡ್ಸಿ ತೆಗೀರಿ."

"ಅಯ್ಯೋ ಅಜ್ಜಿ, ಕರೆಂಟೇ ಬ್ಯಾರೆ, ಮಗ್ಗವೇ ಬ್ಯಾರೆ."

"ನಿಂಗೆ ಬ್ಯಾರೆ ಕಣೇ. ಬಾ, ಈ ಹಿಡಿ ತಿರುವು."

ತಿರುಗಿಸಿದಳು. ನಾಲ್ಕು ಸುತ್ತಿಗೇ ರೇಷ್ಮೆ ಹರಿಯಿತು. ಎದ್ದು ಹೋಗಿ ಫೋನು ನೋಡಿದಳು. ಚಾರ್ಜು ಇನ್ನೂ ಅರ್ಧ.

"ಇನ್ನೊಂದ್ ಹತ್ ನಿಮಿಷ ಅಜ್ಜಿ, ಅಡ್ಜಸ್ಟ್ ಮಾಡ್ಕೊ."

ಮಾಡಿಕೊಂಡೆ. ಹರಿದ ಎಳೆ ಕೂಡಿಸಿ ಮತ್ತೆ ಕೈಯಲ್ಲೇ ತಿರುಗಿಸಿದೆ.

ಸಹಿ ಇಲ್ಲದ ಹಾಳೆ ಪಕ್ಕದಲ್ಲೇ ಬಿದ್ದಿತ್ತು. ಹೆಸರಿಗೊಂದು ಗೆರೆ, ಊರಿಗೊಂದು ಗೆರೆ, ಫೋನ್ ನಂಬರಿಗೊಂದು ಗೆರೆ. ರಾಟೆ ತಿರುಗಿಸುವ ಭುಜಕ್ಕೆ ಯಾವ ಗೆರೆ ಬಿಟ್ಟಿದ್ದಾರೆ?