ನೋಣಯ್ಯನವರ ಮೂರನೆಯ ಕೂಗು

ಕೊಕ್ಕಡದಾಚೆಯ ಕಾಡಿನಲ್ಲಿ ಬೆಳಿಗ್ಗೆ ಆರು ಗಂಟೆ. ಕುಂಭ ಮಾಸದ ಮಂಜು. ಮುಂದಿನವರ ಬೆನ್ನೂ ಕಾಣುವುದಿಲ್ಲ. ಕಾಡು ಕಾಯುವ ವಾಚರ್ ನೋಣಯ್ಯ ಚಪ್ಪಲಿ ಕಳಚಿ ಮರದ ಬುಡದಲ್ಲಿಡುತ್ತಾರೆ. ಹಿಂದೆ ಬಂದಿರುವ ಇಬ್ಬರೂ ಕಳಚುತ್ತಾರೆ. ಇನ್ನು ಒಂದೂವರೆ ಮೈಲು ಮಾತಿಲ್ಲ. ದೂರ ದೂರ ನಡೆಯಬೇಕು, ಮರಕ್ಕೊಬ್ಬರಂತೆ ಒರಗಿ ಕೂರಬೇಕು, ಉಸಿರಾಡಬೇಕು. ಚಿಕಿತ್ಸೆ ಅಂದರೆ ಇಷ್ಟೇ.

ನೋಣಯ್ಯನವರಿಗೆ ಐವತ್ತೆರಡು. ಆರು ವರ್ಷದ ಕೆಳಗೆ, 1956ರಲ್ಲಿ, ಬಂಟ್ವಾಳದ ಡಾಕ್ಟರೊಬ್ಬರು ಊಟ ಬಿಟ್ಟು ಕೂತಿದ್ದ ಮಾಸ್ತರರೊಬ್ಬರನ್ನು ಇವರ ಹಿಂದೆ ನಡೆಯಲು ಕಳಿಸಿದರು. ಮೂರೇ ವಾರ, ಮಾಸ್ತರರು ಗಂಜಿಗೆ ಉಪ್ಪು ಸಾಲದೆಂದು ಮನೆಯಲ್ಲಿ ಜಗಳ ತೆಗೆದರಂತೆ! ಅಲ್ಲಿಂದೀಚೆಗೆ ಮುನ್ನೂರಕ್ಕೂ ಮಿಕ್ಕಿ ಜನ ಬಂದಿದ್ದಾರೆ. "ನಾನು ಮದ್ದು ಕೊಡುವವನಲ್ಲ. ಕಾವಲಿಗೆ ಹೇಗೂ ಹೋಗ್ತೇನೆ, ಬರುವವರು ಬರ್ಲಿ," ಎನ್ನುತ್ತಾರೆ. ರೇಂಜರರ ಷರತ್ತು ಒಂದೇ: ಯಾರಿಗಾದರೂ ಅಪಾಯವಾದರೆ ನಡಿಗೆ ಬಂದ್.

ಇವತ್ತಿನ ಇಬ್ಬರೂ ಕೊಕ್ಕಡದ ಪರಿಚಯದವರ ಮನೆಗಳಲ್ಲಿ ಉಳಿದವರು. ಪಾಣೆಮಂಗಳೂರಿನ ಜೈನಬಮ್ಮ, ಬೀಡಿ ಕಟ್ಟಿ ಕಟ್ಟಿ ಎದೆ ಬಿಗಿದವರು. ಮೂಡುಬಿದಿರೆಯ ಜವಳಿ ವ್ಯಾಪಾರಿ ಮುನಿರಾಜರು, ನಾಲ್ಕು ತಿಂಗಳಿಂದ ನಿದ್ದೆ ಕಾಣದವರು.

ಮರದಡಿಯಿಂದ ಎದ್ದು ಒಂದಷ್ಟು ದೂರ ಬಂದ ಮೇಲೆ ನೋಣಯ್ಯ ತಿರುಗಿ ನೋಡುತ್ತಾರೆ. ಮುನಿರಾಜರಿಲ್ಲ.

ಬಲಬದಿಯಲ್ಲಿ ಆನೆ ಹಿಡಿಯಲೆಂದು ತೋಡಿದ ಹಳೆಯ ಗುಂಡಿ ಉಂಟು. ಎರಡಾಳು ಆಳ, ಬಾಯಿಯ ಮೇಲೆ ತರಗೆಲೆ. ನೋಣಯ್ಯ ಓಡುತ್ತಾರೆ. "ಕೂ... ಕೂ..." ನಿಂತು ಕಿವಿಗೊಡುತ್ತಾರೆ. ಉತ್ತರವಿಲ್ಲ. ಇಪ್ಪತ್ತು ಹೆಜ್ಜೆ ಸರಿದು ಮತ್ತೆ ಎರಡು. ಹೀಗೆ ಐದು ಕಡೆ. ಬೆವರು ಕುತ್ತಿಗೆಗೆ ಇಳಿಯುತ್ತದೆ.

ಏದುಸಿರು ಬಿಡುತ್ತ ಬಂದ ಜೈನಬಮ್ಮ ಗದರುತ್ತಾರೆ: "ಎಂಥ ನೋಣಯ್ಯಣ್ಣ, ಎರಡೆರಡೇ ಕೂಗುವುದು? ಎರಡು ಸಲ ಕರೆಯುವುದು ಸತ್ತವರ ಪ್ರೇತ, ಕುಲೆ. ಅದಕ್ಕೆ ಯಾರು ಓಗೊಡ್ತಾರೆ? ನಾನಾದ್ರೂ ಬಾಯಿ ಬಿಡ್ಲಿಕ್ಕಿಲ್ಲ!"

ನೋಣಯ್ಯ ಗಕ್ಕನೆ ನಿಲ್ಲುತ್ತಾರೆ. ಕುಲೆಯ ಮಾತು ಅವರಿಗೂ ಗೊತ್ತು. ಆದರೆ ಕಾವಲಿನವರ ಕಟ್ಟಳೆ ಬೇರೆ: ಮೂರು ಕೂಗೆಂದರೆ ಕಾಡಿಗೆ ಬೆಂಕಿ. ಕೇಳಿದವರೆಲ್ಲ ಕೆಲಸ ಬಿಟ್ಟು ಓಡಿ ಬರಬೇಕು. ಸುಳ್ಳು ಕೂಗಿದ ವಾಚರನಿಗೆ ಕೆಲಸ ಉಳಿಯುವ ಭರವಸೆಯಿಲ್ಲ.

ಅವರು ಬಾಯಿಗೆ ಎರಡೂ ಕೈ ಹಿಡಿಯುತ್ತಾರೆ. ಒಂದು. ಎರಡು. ಮೂರು.

"ಓ..."

ಗುಂಡಿಯಿಂದ ಆರು ಹೆಜ್ಜೆ ಈಚೆ, ಮರವೊಂದನ್ನು ತಬ್ಬಿ ನಿಂತಿದ್ದಾರೆ ಮುನಿರಾಜರು. "ಮೂರನೆಯದಕ್ಕೆ ಕಾದೆ ಮಾರಾಯ! ಎರಡಕ್ಕೆ ಓಗೊಟ್ರೆ ಕರ್ಕೊಂಡು ಹೋಗ್ತದೆ ಅಂತ ನಮ್ಮಜ್ಜಿ ಹೇಳಿದ್ದು. ಮರಕ್ಕೆ ಒರಗಿದ್ದೇ ಕಣ್ಣು ಹತ್ತಿತು. ಎಚ್ಚರಾಗುವಾಗ ನೀವ್ಯಾರೂ ಇಲ್ಲ."

"ತಿರುಗಿ ನೋಡದೆ ಹೋದದ್ದು ನನ್ನ ತಪ್ಪು, ಧಣಿಗಳೇ," ಎನ್ನುತ್ತ ನೋಣಯ್ಯ ಅವರ ಕೈ ಹಿಡಿದು ಗುಂಡಿಯಿಂದ ದೂರ ಕರೆತರುತ್ತಾರೆ.

ಅಷ್ಟರಲ್ಲಿ ಹಸಿ ಸೊಪ್ಪಿನ ಕಟ್ಟು ಹಿಡಿದು ಮೂವತ್ತು ಜನ ಓಡಿ ಬರುತ್ತಾರೆ. "ಬೆಂಕಿ ಎಲ್ಲಿ?"

"ಬೆಂಕಿ ಇಲ್ಲ. ಸುಳ್ಳು ಕೂಗಿದ್ದು ನಾನೇ."

ಒಬ್ಬರು ಸೊಪ್ಪನ್ನು ಅವರ ಕಾಲ ಬುಡಕ್ಕೆ ಎಸೆದು, ಬಾಯಿಗೆ ಬಂದದ್ದು ಬೈದು ಹೋಗುತ್ತಾರೆ. ನೋಣಯ್ಯ ಇಬ್ಬರನ್ನೂ ಮನೆ ಮುಟ್ಟಿಸಿ, ಅಂಗಿ ಬದಲಾಯಿಸಿ, ತಾವಾಗಿಯೇ ರೇಂಜರರ ಕಚೇರಿಯ ದಾರಿ ಹಿಡಿಯುತ್ತಾರೆ. ಕೆಲಸ ಹೋದರೆ?

"ಹೋದ್ರೆ ಹೋಯ್ತು," ಎಂದು ತಮಗೆ ತಾವೇ ಹೇಳಿಕೊಂಡು ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾರೆ. "ಧಣಿಗಳು ಎಷ್ಟು ಹೊತ್ತು ನಿದ್ದೆ ಮಾಡಿದ್ರು ಅಂತ ಕೇಳ್ಬೇಕಿತ್ತು. ಗಡಿಬಿಡಿಯಲ್ಲಿ ಮರ್ತೇ ಹೋಯ್ತು."