ಮುದ್ದೆ ಒಂದು ಕಡೆ, ಸಾರು ಒಂದು ಕಡೆ

ಸೋಂಕಿನ ಕಾಲ ಕಳೆದು ಶಾಲೆಗಳು ಬಾಗಿಲು ತೆರೆದ ಮೇಲೆ, ಅಮೆರಿಕದ ಕ್ಲಾರ್ಕ್ಸ್‌ಬರ್ಗಿನಲ್ಲಿ ನನ್ನ ಮಗಳು ಓದುತ್ತಿದ್ದ ಶಾಲೆಯವರು ದೇಶದೇಶದ ಅಡುಗೆಯ ಸಂಜೆಯನ್ನು ಮತ್ತೆ ಶುರುಮಾಡಿದರು. ದೇಶಕ್ಕೊಂದು ಟೇಬಲ್. ಯಾರ ಟೇಬಲ್ ಎಲ್ಲಿ ಎಂದು ನಕ್ಷೆ ಬರೆಯಲು ಕೈ ಎತ್ತಿದವನು ನಾನೇ. ಆಫೀಸಿನ ಒಂದು ಮೀಟಿಂಗ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಹತ್ತೇ ನಿಮಿಷದಲ್ಲಿ, ದೇಶಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಕೂರಿಸಿ ಕೈತೊಳೆದುಕೊಂಡೆ. ಒಂದು ಟೇಬಲ್ ಮಾತ್ರ ಆ ಕ್ರಮಕ್ಕೆ ಸೇರಿರಲಿಲ್ಲ. ಇಂಡಿಯಾದ ಟೇಬಲಿನಲ್ಲಿ ನಮ್ಮ ಬಿಸಿಬೇಳೆಬಾತನ್ನು ಯಾರು ಕೇಳುತ್ತಾರೆ ಎಂದು, ಶಾಲೆಯವರನ್ನು ಪುಸಲಾಯಿಸಿ ಕನ್ನಡದವರಿಗೇ ಬೇರೆ ಟೇಬಲ್ ಗಿಟ್ಟಿಸಿದ್ದೆ.

ನಮ್ಮ ಬೀದಿಯಲ್ಲಿ ಪಶ್ಚಿಮ ಆಫ್ರಿಕಾದ ಇಬ್ಬರು ಅಕ್ಕತಂಗಿಯರಿದ್ದರು. ಎಪ್ಪತ್ತು ದಾಟಿದವರು, ಒಂದೇ ಮನೆಯಲ್ಲಿ, ಅದೇ ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ನೋಡಿಕೊಂಡಿದ್ದರು. ಅವರ ಸೀಮೆಯನ್ನು ಯುರೋಪಿನವರು ಒಮ್ಮೆ ಹಂಚಿಕೊಂಡು, ಯುದ್ಧವೊಂದು ಮುಗಿದ ಮೇಲೆ ಇನ್ನೊಮ್ಮೆ ಹಂಚಿಕೊಂಡರಂತೆ. ಹಂಚಿಕೊಂಡವರು ಹೊರಟುಹೋದರೂ ಗೆರೆ ಉಳಿಯಿತು. ಹೊಸ ದೇಶಗಳು ಅದನ್ನೇ ಬೇಲಿ ಮಾಡಿಕೊಂಡವು. ಅಪ್ಪನ ಮನೆ ಘಾನಾದಲ್ಲಿ, ಹೊಲ ಟೋಗೋದಲ್ಲಿ. ಗೆರೆಯಾಚೆ ಸೋದರಮಾವನ ಮನೆಯಲ್ಲಿ ಬೆಳೆದ ಅಕ್ಕ ಟೋಗೋದವರಾದರು, ತಂಗಿ ಘಾನಾದವರಾಗಿ ಉಳಿದರು. ಮನೆಮಾತು ಒಂದೇ, ಅಕ್ಕನ ಓದು ಮಾತ್ರ ಫ್ರೆಂಚ್, ತಂಗಿಯದು ಇಂಗ್ಲಿಷ್. ಗಡಿ ಮುಚ್ಚಿದಾಗ ಅಪ್ಪ ತನ್ನ ಮೆಕ್ಕೆಜೋಳ ಒಣಗುವುದನ್ನು ಈಚೆಯೇ ನಿಂತು ನೋಡುತ್ತಿದ್ದನೆಂದು ತಂಗಿ ನನಗೆ ಹೇಳಿದ್ದರು.

ನಕ್ಷೆ ಕಳಿಸಿದ ಮರುದಿನ ತಂಗಿಯೇ ನಮ್ಮ ಬಾಗಿಲಿಗೆ ಬಂದರು. ಅಕ್ಕನಿಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಒಬ್ಬರೇ ಕೂರುವುದಕ್ಕೆ ಅಂಜುತ್ತಾರೆ, ಇಬ್ಬರಿಗೂ ಒಂದೇ ಟೇಬಲ್ ಆದೀತೇ ಎಂದು ಕೇಳಿದರು. ಪ್ರಿಂಟ್ ಆಗಿಹೋಗಿದೆ ಆಂಟಿ, ಒಬ್ಬರಿಗೆ ಬದಲಾಯಿಸಿದರೆ ಎಲ್ಲರೂ ಕೇಳುತ್ತಾರೆ ಎಂದೆ. ಅವರು ತಲೆಯಾಡಿಸಿ ಹೊರಟರು.

ಒಳಗಿನಿಂದ ಹೆಂಡತಿ ಅಂದಳು, "ನಮ್ಗೆ ಬೇರೆ ಟೇಬಲ್ ಕೇಳೋವಾಗ ಇಲ್ದೇ ಇದ್ದ ರೂಲು ಈಗ ಎಲ್ಲಿಂದ ಬಂತು ರೀ?"

ಕೇಳಿಸದವನಂತೆ ಲ್ಯಾಪ್‌ಟಾಪ್ ತೆರೆದೆ.

ನನಗೆ ಗೊತ್ತಿಲ್ಲದ ಸಂಕಟವಾಗಿದ್ದರೆ ಬೇರೆ ಮಾತು. ನನ್ನಜ್ಜಿಯ ತವರು ಬಳ್ಳಾರಿ ಕಡೆ, ಇಂಗ್ಲಿಷರ ಸೀಮೆ. ಕೊಟ್ಟದ್ದು ತುಂಗಭದ್ರೆಯ ಆಚೆ, ನಿಜಾಮನ ಸೀಮೆಗೆ. ತವರಿನಿಂದ ಬರುವಾಗ ಹೊಳೆ ದಾಟಿದೊಡನೆ ಸುಂಕದವರು ಗಂಟು ಬಿಚ್ಚಿಸಿ, ಅವಳವ್ವ ಕಟ್ಟಿಕೊಟ್ಟ ಹೋಳಿಗೆಯ ನಡುವೆಯೂ ಕೈಯಾಡಿಸುತ್ತಿದ್ದರಂತೆ. "ನಾ ಏನ್ ಕಳ್ಳಿ ಏನಪಾ? ಅವ್ವನ ಮನೀಗೆ ಹೋಗಿ ಬಂದಾಕಿ," ಎಂದು ಕಡೆಗಾಲದವರೆಗೂ ಹೇಳುತ್ತಿದ್ದಳು. ಅವಳ ತೊಡೆಯ ಮೇಲೆ ಮಾತು ಕಲಿತವನು ನಾನು. ಕಲಿತದ್ದು ಮಾತು ಮಾತ್ರ ಎಂದು ಕಾಣುತ್ತದೆ.

ಅಡುಗೆಯ ಸಂಜೆಯಂದು ಅಕ್ಕತಂಗಿಯರು ಒಂದೇ ಅಡುಗೆ ಮಾಡಿ ತಂದಿದ್ದರು. ಮೆಕ್ಕೆಜೋಳದ ಮುದ್ದೆ, ಬೆಂಡೆಕಾಯಿ ಸಾರು. ಅದನ್ನೂ ಹಂಚಿಕೊಳ್ಳಬೇಕಾಗಿ ಬಂದಿತ್ತು: ಸಾರು ಘಾನಾದ ಟೇಬಲಿನಲ್ಲಿ, ಮುದ್ದೆ ಕ್ಯಾಫೆಟೇರಿಯಾದ ಇನ್ನೊಂದು ತುದಿಯಲ್ಲಿ, ಟೋಗೋದ ಟೇಬಲಿನಲ್ಲಿ. ಬಂದವರು ಬರೀ ಮುದ್ದೆ ಚಿವುಟಿ ಬಾಯಿಗಿಟ್ಟು, ನಕ್ಕು, ಮುಂದೆ ಹೋಗುತ್ತಿದ್ದರು. ಅಕ್ಕ ಸಾರಿನ ಕಡೆ ಕೈ ತೋರಿಸುತ್ತಿದ್ದರು, ಯಾರಿಗೂ ತಿಳಿಯುತ್ತಿರಲಿಲ್ಲ. ಎದ್ದು ಹೋಗೋಣವೆಂದರೆ ಟೇಬಲ್ ಬಿಟ್ಟು ಹೋಗಬಾರದೆಂದು ನಾನೇ ಬರೆದು ಹಂಚಿದ್ದೆ. ನಮ್ಮ ಟೇಬಲಿನ ಮುಂದೆ ಸಾಲು ನಿಂತಿತ್ತು.

ಸಂಜೆ ಮುಗಿಯುವ ಹೊತ್ತಿಗೆ ತಡೆಯಲಾರದೆ ಹೋಗಿ ಅಕ್ಕನ ಮುಂದೆ ತಟ್ಟೆ ಒಡ್ಡಿದೆ. ಅವರು ದೊಡ್ಡದೊಂದು ಮುದ್ದೆ ಇಟ್ಟರು. ಅದನ್ನು ಹಿಡಿದುಕೊಂಡು, ಎಲ್ಲ ದೇಶಗಳನ್ನೂ ದಾಟಿ ತಂಗಿಯ ಮುಂದೆ ನಿಂತೆ.

"ಪಾಸ್‌ಪೋರ್ಟ್ ತಂದಿದ್ದೀಯಾ, ಮಗನೇ?"

ಅವರು ನಗುತ್ತಲೇ ಕೇಳಿದ್ದು. ನನಗೆ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು, ಈಗಲೇ ನಿಮ್ಮ ಟೇಬಲನ್ನು ಅಕ್ಕನ ಹತ್ತಿರ ಎಳೆದುಕೊಂಡು ಹೋಗುತ್ತೇನೆ ಎಂದೆ. ಅವರು ಸಾರು ಬಡಿಸಿ, ನನ್ನ ಬೆನ್ನ ಹಿಂದೆ ನೋಡಿದರು. ಅಕ್ಕನ ತುದಿಯಲ್ಲಿ ಶಾಲೆಯ ಕೆಲಸದವರು ಆಗಲೇ ಟೇಬಲ್ ಮಡಚುತ್ತಿದ್ದರು. ಅಕ್ಕ ಉಳಿದ ಮುದ್ದೆಯ ಪಾತ್ರೆಯನ್ನು ಎದೆಗವಚಿಕೊಂಡು, ಅದನ್ನೆಲ್ಲಿ ಇಡುವುದೆಂದು ತಿಳಿಯದೆ ನಿಂತಿದ್ದರು.